ಟೋಪಿ ಹಾಕಿಕೊಂಡ ಗೊಬ್ಬರ

ಯಾರ ಚಪ್ಪಲಿಯ ಸದ್ದು ಕೇಳಿದರೆ ಪೇಟೆಯ ತಕ್ಕಡಿಗಳೆಲ್ಲ ತಾವಾಗಿಯೇ ಸಮಕ್ಕೆ ಬಂದು ನಿಲ್ಲುತ್ತಿದ್ದವೋ, ಆ ತೂಕದ ಸಾಹೇಬರಿಗೆ ಒಂದೇ ಒಂದು ತೂಕ ಗೊತ್ತಿರಲಿಲ್ಲ: ಹೆಂಡತಿಯದು.

ಗೊತ್ತಿರಲಿಲ್ಲ ಎನ್ನುವುದಕ್ಕಿಂತ ಕೇಳುವ ಧೈರ್ಯವಿರಲಿಲ್ಲ ಎಂದರೆ ಸರಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ಆಕೆ ನಿಂತಿದ್ದಾಗ ಸಾಹೇಬರು ಮುಳ್ಳು ತೋರಿಸಿದ ಅಂಕಿಯನ್ನು ಗಟ್ಟಿಯಾಗಿ ಓದಿ, ‘ಇನ್ನೂರು ಗ್ರಾಂ ಆಚೀಚೆ ಇರಬಹುದು’ ಎಂದು ಅಲ್ಲಿದ್ದ ಏಳು ಜನರ ಮುಂದೆ ಘೋಷಿಸಿದ್ದರು. ಆಮೇಲೆ ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಅಂದಿನಿಂದ ಊರಿನ ಅಕ್ಕಿ, ಸಕ್ಕರೆ, ಬಂಗಾರ ಎಲ್ಲವೂ ಅವರ ವ್ಯಾಪ್ತಿಗೆ ಬಂದವು, ಅದೊಂದು ಬರಲಿಲ್ಲ.

ಹೆಂಡತಿಗೆ ಮನೆಯ ಹಿಂದಿನ ಇಳಿಜಾರಿನಲ್ಲಿ ಸಸಿಗಳ ನರ್ಸರಿಯಿತ್ತು. ಕುಂಡ, ಮಣ್ಣು, ಗೊಬ್ಬರ ಹೊರಲು ಒಂದು ಎಟಿವಿ. ಬೈಕಿನ ಹ್ಯಾಂಡಲ್ಲು, ಉದ್ದನೆಯ ಸೀಟು, ಕೆಳಗೆ ಊದಿಕೊಂಡಂಥ ನಾಲ್ಕು ಚಕ್ರ. ಎಂಥ ಏರನ್ನಾದರೂ ಮೂತಿ ಎತ್ತಿಕೊಂಡು ಹತ್ತುತ್ತಿದ್ದುದರಿಂದ ಮನೆಯಲ್ಲಿ ಅದಕ್ಕೆ ‘ಹೋತ’ ಎಂದು ಹೆಸರು. ಈಚೆಗೆ ಹೋತ ಹಿಂಭಾಗ ಕುಣಿಸುತ್ತ ನಡೆಯತೊಡಗಿತ್ತು. ಹಿಂದಿನ ಆಕ್ಸಲ್ಲಿನಿಂದ ಯಾರೋ ಹಲ್ಲು ಕಡಿದಂತೆ ಶಬ್ದ. ಚೈನು ಎರಡು ಸಲ ಕಳಚಿ ಬಿದ್ದಿತ್ತು.

ಶನಿವಾರ ಊಟಕ್ಕೆ ಕೂತಾಗ ಹೆಂಡತಿ ತೀರ್ಮಾನ ಹೇಳಿದರು. ಹೋತವನ್ನು ಮಾರಿ, ಮೂರು ಚಕ್ರದ ಒಂದು ಸಾಮಾನು ಗಾಡಿ ತರುವುದು. ಮೆಕ್ಯಾನಿಕ್ ಗ್ರೀಸಣ್ಣ ಆಗಲೇ ಒಂದನ್ನು ನೋಡಿಟ್ಟಿದ್ದಾನಂತೆ. ಮೇಲೆ ಸೂರು ಇದೆ, ಹಿಂದೆ ಬೇಕಾದಷ್ಟು ಜಾಗ ಇದೆ.

“ಸೀಟು ಒಂದೇ. ಆದ್ರೇನು, ಓಡಿಸೋಳು ನಾನೊಬ್ಳೇ ತಾನೇ” ಎಂದರು.

ಸಾಹೇಬರು ಎತ್ತಿದ ತುತ್ತನ್ನು ಮತ್ತೆ ತಟ್ಟೆಯಲ್ಲಿಟ್ಟರು. ಕಾರಣವಿತ್ತು. ದಿನಾ ಸಂಜೆ ಐದು ನಲವತ್ತಕ್ಕೆ ಅವರು ಕೆಳರಸ್ತೆಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಹೆಂಡತಿ ಹೋತದ ಮೇಲೆ ಬಂದು ಕಾಯುತ್ತಿದ್ದರು. ಸಾಹೇಬರು ಕಡತದ ಚೀಲ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತು ಆಕೆಯ ಭುಜ ಹಿಡಿಯುವುದು, ಹೋತ ಏರು ಹತ್ತುವುದು. ಸಾಹೇಬರ ಜೇಬಿನ ಪುಸ್ತಕದ ಪ್ರಕಾರ ಒಟ್ಟು ಏಳು ನಿಮಿಷ ಇಪ್ಪತ್ತು ಸೆಕೆಂಡು. (ಹೆಂಡತಿ ಏನಾದರೂ ಸುದ್ದಿ ಹೇಳುತ್ತಿದ್ದರೆ ಒಂಬತ್ತು.) ಹನ್ನೊಂದು ವರ್ಷಗಳಿಂದ ಅವರ ದಿನದಲ್ಲಿ ಯಾರ ಮೇಲೂ ಅನುಮಾನ ಪಡದೆ ಕಳೆಯುವ ಸಮಯ ಅದೊಂದೇ. ಹಾಗೆಂದು ಅವರು ಯಾರಿಗೂ ಹೇಳಿರಲಿಲ್ಲ. ತಕ್ಕಡಿ ಪರೀಕ್ಷಿಸಿ ಮೊಹರು ಒತ್ತುವ ಅಧಿಕಾರಿಗಳು ಅಂಥದ್ದನ್ನೆಲ್ಲ ಹೇಳುತ್ತ ಕೂರುವುದಿಲ್ಲ. ಅವರು ನೀರು ಕುಡಿದು, ನಾಳೆ ಭಾನುವಾರ, ಆಕ್ಸಲ್ ತಾನೇ ರಿಪೇರಿ ಮಾಡುವೆ ಎಂದಷ್ಟೇ ಹೇಳಿದರು.

ಹೆಂಡತಿ ಅವರನ್ನು ಒಂದು ಗಳಿಗೆ ನೋಡಿದರು. “ಸಂಜೆ ಆರಕ್ಕೆ ಗ್ರೀಸಣ್ಣ ಬರ್ತಾನೆ. ಅಷ್ಟರೊಳಗೆ ಸರಿಯಾಗಿ ಓಡಿದ್ರೆ ಇಟ್ಕೊಳ್ಳೋಣ. ಇಲ್ದಿದ್ರೆ ಅವನ ಕೈಗೆ ಕೀ ಕೊಟ್ಬಿಡ್ತೀನಿ.”

ಭಾನುವಾರ ಬೆಳಿಗ್ಗೆ ಏಳಕ್ಕೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಹಿಂಭಾಗವನ್ನು ಮರದ ದಿಮ್ಮಿಯ ಮೇಲೇರಿಸಿ ಚಕ್ರ ಅಲ್ಲಾಡಿಸಿದರೆ ಇಡೀ ಆಕ್ಸಲ್ಲೇ ಅಲುಗಿತು. ಎರಡು ಕಡೆಯ ಬೇರಿಂಗೂ ಸವೆದಿದ್ದವು. ಸಾಹೇಬರು ಬಿಚ್ಚಿದ ಒಂದೊಂದು ನಟ್ಟು ಬೋಲ್ಟನ್ನೂ ಅಡುಗೆಮನೆಯ ಒಂದೊಂದು ಲೋಟದಲ್ಲಿ ಹಾಕಿ, ಲೋಟಕ್ಕೆ ಕ್ರಮಸಂಖ್ಯೆ ಅಂಟಿಸಿ, ಜಗಲಿಯುದ್ದಕ್ಕೂ ಸಾಲಾಗಿಟ್ಟರು. ಹದಿನಾಲ್ಕು ಲೋಟ. ಸಾಹೇಬರ ತಾಯಿಗೆ ಅಂದು ಕಾಫಿ ಬಂದದ್ದು ಸಾರಿನ ಬಟ್ಟಲಲ್ಲಿ. ಮಗ ಚಿಕ್ಕವನಿದ್ದಾಗಲೇ ಗಡಿಯಾರ ಬಿಚ್ಚಿ ಒಂದು ಚಕ್ರ ಉಳಿಸಿದ್ದನೆಂದು ಸ್ಮರಿಸುತ್ತ ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಆದರೆ ಈ ಸಲ ಏನೂ ಉಳಿಯಲಿಲ್ಲ. ಪೇಟೆಯಿಂದ ತಂದ ಹೊಸ ಬೇರಿಂಗ್ ಕೂತಿತು, ಆಕ್ಸಲ್ ಒಳಹೋಯಿತು, ನಟ್ಟು ಬಿಗಿಯಿತು, ಹೋತ ದಿಮ್ಮಿಯಿಂದ ಇಳಿಯಿತು, ಮೂರು ಗಂಟೆಯ ಹೊತ್ತಿಗೆ ಹದಿನಾಲ್ಕು ಲೋಟವೂ ಖಾಲಿ. ಬಾಕಿಯಿದ್ದದ್ದು ಚೈನು ಬಿಗಿಯುವುದು ಮಾತ್ರ.

ಚೈನಿನ ವಿಷಯ ಸೂಕ್ಷ್ಮ. ನಡುವೆ ಬೆರಳಿಟ್ಟು ಎತ್ತಿದರೆ ಅದು ಮೂವತ್ತೈದು ಮಿಲಿಮೀಟರ್ ಆಡಬೇಕು. ಹೆಚ್ಚು ಸಡಿಲವಾದರೆ ಕಳಚುತ್ತದೆ, ಹೆಚ್ಚು ಬಿಗಿಯಾದರೆ ಹೊಸ ಬೇರಿಂಗನ್ನೇ ತಿನ್ನುತ್ತದೆ. ಸೀಟಿನ ಮೇಲೆ ಭಾರ ಬಿದ್ದಾಗ ಸ್ಪ್ರಿಂಗು ಕುಗ್ಗಿ ಚೈನು ಬಿಗಿಯುವುದರಿಂದ, ಸವಾರರನ್ನು ಕೂರಿಸಿಯೇ ಅಳೆಯಬೇಕು. ಸಡಿಲಿಸಿ, ಅಳೆದು, ಬಿಗಿದು, ಮತ್ತೆ ಅಳೆದು ಮುಗಿಸಲು ಅರ್ಧ ಗಂಟೆ ಬೇಕು. ಅರ್ಧ ಗಂಟೆ ಸುಮ್ಮನೆ ಯಾಕೆ ಕೂರಬೇಕು ಎಂದು ಹೆಂಡತಿ ಕೇಳಿದರೆ ‘ನಿನ್ನ ಭಾರಕ್ಕೆ’ ಎನ್ನಬೇಕು. ಸಾಹೇಬರ ಕಣ್ಣ ಮುಂದೆ ಔಷಧಿ ಅಂಗಡಿ ಬಂದು ನಿಂತಿತು.

ಅವರು ವಿಜ್ಞಾನದ ಮೊರೆಹೊಕ್ಕರು. ಹ್ಯಾಂಡಲ್ ನೆಟ್ಟಗಿದೆಯೇ ನೋಡೆಂದು ಹೇಳಿ ಹೆಂಡತಿಯನ್ನು ಎರಡು ನಿಮಿಷ ಕೂರಿಸಿದರು. ತಾವು ವಾಷರ್ ಬಿದ್ದಿದೆಯೆಂದು ಹಿಂದೆ ಬಗ್ಗಿ, ಸೀಟು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ನೋಡಿಕೊಂಡರು. ಆಕೆ ಸಸಿಗಳಿಗೆ ನೀರು ಹಾಕಲು ಹೋದ ಮೇಲೆ ಹತ್ತತ್ತು ಕೆಜಿಯ ಗೊಬ್ಬರದ ಚೀಲಗಳನ್ನು ಒಂದೊಂದಾಗಿ ಸೀಟಿನ ಮೇಲೆ ಪೇರಿಸುತ್ತ, ಅದೇ ಎತ್ತರಕ್ಕೆ ಇಳಿಯುವವರೆಗೂ ಪೇರಿಸಿದರು. (ಎಷ್ಟು ಚೀಲ ಎಂದು ಇಲ್ಲಿ ಹೇಳುವುದು ಬೇಡ; ಓದುವವರು ಹತ್ತರಿಂದ ಗುಣಿಸುತ್ತಾರೆ.) ಎರಡು ಮಿಲಿಮೀಟರ್ ಉಳಿಯಿತು, ಒಂದು ಮಣ್ಣಿನ ಕುಂಡ ಇಟ್ಟರು. ಕೊನೆಗೆ ಆಕೆ ಬಿಸಿಲಿಗೆ ಹಾಕುವ ಹುಲ್ಲಿನ ಟೋಪಿ ನೆನಪಾಗಿ ಅದನ್ನೂ ಕುಂಡದ ಮೇಲಿಟ್ಟು, ಕೆಳಗೆ ಮಲಗಿ ಕೆಲಸಕ್ಕೆ ತೊಡಗಿದರು. ಮೂವತ್ತೈದಕ್ಕೆ ಮೂವತ್ತೈದು ಬಂತು.

ಎದ್ದು ನೋಡಿದರೆ ಹೆಂಡತಿ ನೀರಿನ ಪೈಪು ಹಿಡಿದು ನಿಂತಿದ್ದರು.

“ಇದು ಯಾರು?”

“ಗೊಬ್ಬರ.”

“ಗೊಬ್ಬರಕ್ಕೆ ನನ್ನ ಟೋಪಿ ಯಾಕೆ?”

“ಅದೂ ನೂರಿಪ್ಪತ್ತು ಗ್ರಾಂ ಇದೆ” ಎಂದರು ಸಾಹೇಬರು. ಸುಳ್ಳು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಹೆಂಡತಿ ಚೀಲಗಳನ್ನು ಮೇಲಿಂದ ಕೆಳಗೆ ಎಣಿಸಿದರು. ಕುಂಡವನ್ನು ನೋಡಿದರು. ಪೈಪಿನ ನೀರು ಸಾಹೇಬರ ಚಪ್ಪಲಿಯನ್ನು ತೋಯಿಸುತ್ತಿತ್ತು. ಅದು ಉದ್ದೇಶಪೂರ್ವಕವೋ ಅಲ್ಲವೋ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಜಗಲಿಯಿಂದ ತಾಯಿ, ಸೊಸೆ ಅಷ್ಟೊಂದು ದಪ್ಪ ಇಲ್ಲ, ಒಂದು ಚೀಲ ಇಳಿಸೋ ಎಂದು ಸಲಹೆ ಕೊಟ್ಟು ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸಿದರು. ಹೆಂಡತಿ ಚೀಲಗಳನ್ನು ಕೆಳಗೆ ತಳ್ಳಿ, ಟೋಪಿ ಕೊಡವಿ ತಲೆಗಿಟ್ಟುಕೊಂಡು, ಹೋತವನ್ನು ಶುರುಮಾಡಿ ಹೊರಟೇಬಿಟ್ಟರು.

ಕೆಳರಸ್ತೆಗೆ ಹೋಗಿ ತಿರುಗಿ ಬಂದಾಗ ಮುಖ ಸಡಿಲವಾಗಿತ್ತು. ಶಬ್ದವಿಲ್ಲ, ಕುಣಿತವಿಲ್ಲ. “ಬೆಣ್ಣೆ ಥರ ಹೋಗ್ತಿದೆ ರೀ. ಬನ್ನಿ, ಹತ್ತಿ.” ಸಾಹೇಬರು ಒದ್ದೆ ಚಪ್ಪಲಿಯಲ್ಲೇ ಹತ್ತಿದರು.

ಇಳಿಜಾರು ಮುಗಿಯುವಷ್ಟರಲ್ಲಿ ಕೆಳಗಿನಿಂದ ಕೊಯ್ಯೆಂದು ಒಂದು ರಾಗ ಎದ್ದಿತು. ಏರಿಗೆ ತಿರುಗಿದಾಗ ರಾಗ ತಾರಕಕ್ಕೇರಿತು. ಹೆಂಡತಿ ನಿಲ್ಲಿಸಿ, ಇಳಿದು, ಸಾಹೇಬರನ್ನು ಸೀಟಿನ ಹಿಂಭಾಗದಲ್ಲೇ ಬಿಟ್ಟು, ಮುಂದುಗಡೆ ತಮ್ಮ ಒಂದು ಕೈಯ ಭಾರ ಊರಿ, ಇನ್ನೊಂದು ಕೈಯಿಂದ ಚೈನು ಎತ್ತಿದರು. ವೀಣೆಯ ತಂತಿಯಂತಿತ್ತು. ಸಾಹೇಬರನ್ನು ಇಳಿಯಲು ಹೇಳಿ ಮತ್ತೆ ಎತ್ತಿದರು. ಸಲೀಸಾಗಿ ಆಡಿತು.

ಆಕೆ ಟೋಪಿ ತೆಗೆದು ಅದರಿಂದ ಗಾಳಿ ಬೀಸಿಕೊಂಡರು.

“ಚೀಲ ಲೆಕ್ಕ ಮಾಡಿದ್ರಿ, ಕುಂಡ ಲೆಕ್ಕ ಮಾಡಿದ್ರಿ. ನನ್ನ ಟೋಪಿ ಕೂಡ ಬಿಡ್ಲಿಲ್ಲ. ಹನ್ನೊಂದು ವರ್ಷದಿಂದ ದಿನಾ ನನ್ನ ಭುಜ ಹಿಡ್ಕೊಂಡು ಬರೋರು ಯಾರು?”

ಸಾಹೇಬರು ಚೈನನ್ನೇ ನೋಡಿದರು. “ನನ್ನ ಮರೆತೆ” ಎಂದರು. “ಒಂದೇ ಸೀಟಿನ ಗಾಡಿ ಬೇಡ ಅಂತಾನೇ ಇಷ್ಟೆಲ್ಲ ಮಾಡಿದ್ದು” ಎಂದು ಚೈನಿಗೇ ಹೇಳಿದರು.

ಹೆಂಡತಿ ಟೋಪಿಯನ್ನು ಮತ್ತೆ ಹಾಕಿಕೊಂಡು, ನಡೆದು ಬನ್ನಿ ಎಂದಷ್ಟೇ ಹೇಳಿ ಹೋತವನ್ನು ಮನೆಗೆ ಓಡಿಸಿದರು.

ಆರಕ್ಕೆ ಗ್ರೀಸಣ್ಣ ಕೀ ತೆಗೆದುಕೊಳ್ಳಲು ಬಂದಾಗ ಕಂಡ ದೃಶ್ಯ ಇದು: ಹೋತದ ಸೀಟಿನ ಮುಂಭಾಗದಲ್ಲಿ ಗೊಬ್ಬರದ ಚೀಲಗಳು, ಅವುಗಳ ಮೇಲೆ ಕುಂಡ, ಕುಂಡದ ಮೇಲೆ ಟೋಪಿ. ಅದರ ಹಿಂದೆ ಚೀಲಗಳನ್ನು ತಬ್ಬಿಕೊಂಡು ಅಲುಗದೆ ಕೂತ ತೂಕದ ಸಾಹೇಬರು. ಕೆಳಗೆ ಸ್ಪ್ಯಾನರ್ ಹಿಡಿದು ಮಲಗಿದ ಒಡತಿ. ಸಸಿ ಕೊಳ್ಳಲು ಬಂದಿದ್ದ ಐದು ಜನರಿಗೆ ಸಾಹೇಬರ ತಾಯಿ ಹಿನ್ನೆಲೆ ವಿವರಿಸುತ್ತಿದ್ದರು.

“ಗಾಡಿ ಮಾರಲ್ಲ ಗ್ರೀಸಣ್ಣ. ಕಾಫಿ ಕುಡ್ಕೊಂಡು ಹೋಗು, ಲೋಟ ಸಿಕ್ಕಿವೆ” ಎಂದರು ಹೆಂಡತಿ ಅಡಿಯಿಂದಲೇ.

ಚೈನು ಸರಿಯಾಯಿತು. ಇನ್ನು ಇಳಿಯಬಹುದೆಂದು ಸಾಹೇಬರು ಕಾಲು ಚಾಚಿದರು. ಆಗ ಹೆಂಡತಿ ಒಂದು ನ್ಯಾಯವಾದ ಪ್ರಶ್ನೆ ಎತ್ತಿದರು. ಇವರು ಆಫೀಸಿನಲ್ಲಿರುವಾಗ ಚೈನು ಸರಿಮಾಡಬೇಕಾಗಿ ಬಂದರೆ ಇವರ ಬದಲಿಗೆ ಎಷ್ಟು ಚೀಲ ಇಡಬೇಕು? ಸಾಹೇಬರು ಅರವತ್ತೆಂಟು ಕೆಜಿ ಎಂದರು. ಅದು ಅವನ ಮದುವೆಯ ದಿನದ ತೂಕ ಎಂದರು ತಾಯಿ.

ನರ್ಸರಿಯಲ್ಲಿ ಗೊಬ್ಬರ ತೂಗುವ ತಕ್ಕಡಿಯಿತ್ತು, ಮೊಹರು ಸಾಹೇಬರದೇ. ಹಾಗಾಗಿ ತಕರಾರಿಗೆ ಎಡೆಯಿರಲಿಲ್ಲ. ಅವರು ಹತ್ತಿ ನಿಂತರು. ಹೆಂಡತಿ ಬಗ್ಗಿ ಮುಳ್ಳು ನೋಡಿ, ಗ್ರೀಸಣ್ಣ ಮತ್ತು ತಾಯಿ ಸೇರಿ ಸರಿಯಾಗಿ ಏಳು ಜನರ ಮುಂದೆ ಗಟ್ಟಿಯಾಗಿ ಓದಿದರು:

“ಎಂಬತ್ತೊಂದು. ಇನ್ನೂರು ಗ್ರಾಂ ಆಚೀಚೆ ಇರಬಹುದು.”

ಸೋಮವಾರ ಸಂಜೆ ಸಾಹೇಬರು ಬಸ್ಸಿಳಿದಾಗ ಹೋತ ಕಾಯುತ್ತಿತ್ತು. ಚೀಲ ಮಡಿಲಿಗಿಟ್ಟುಕೊಂಡು, ಭುಜ ಹಿಡಿದು, ಗಡಿಯಾರ ನೋಡಿಕೊಂಡರು. ದಾರಿಯುದ್ದಕ್ಕೂ ಚೈನು ಸದ್ದು ಮಾಡಲಿಲ್ಲ, ಹೆಂಡತಿಯೂ ಯಾವ ಸುದ್ದಿಯನ್ನೂ ಹೇಳಲಿಲ್ಲ. ಆದರೂ ಮನೆ ಮುಟ್ಟುವ ಹೊತ್ತಿಗೆ ಹನ್ನೊಂದು ನಿಮಿಷವಾಗಿತ್ತು. ಸಾಹೇಬರು ಅದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ‘ವಿಳಂಬಕ್ಕೆ ಕಾರಣ’ ಎಂಬ ಜಾಗವನ್ನು ಖಾಲಿ ಬಿಟ್ಟರು.