ಭಾವನ ಹಲ್ಲು, ಗೇಟಿನ ಬೀಗ

ಬೀಗ ಹಾಕುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮಿಲ್ಲಿನ ದೊಡ್ಡ ಮುಷ್ಕರದಲ್ಲಿ ಮುಂಬಾಗಿಲಿನ ಗೇಟಿಗೆ ಹೊರಗಿನಿಂದ ಬೀಗ ಜಡಿದವನು ನಾನು. ಮಾಲೀಕರು ಬೀಗದವರನ್ನು ಕರೆಸಿದರು, ವೆಲ್ಡಿಂಗಿನವರನ್ನು ಕರೆಸಿದರು, ಕೊನೆಗೆ ಪೊಲೀಸರನ್ನು ಕರೆಸಿದರು. ಪೊಲೀಸರು ನನ್ನ ಪಕ್ಕೆಲುಬನ್ನೂ ಮುಂದಿನ ಹಲ್ಲುಗಳನ್ನೂ ಮುರಿದರೇ ಹೊರತು ಬೀಗ ಮುರಿಯಲು ಅವರಿಂದ ಆಗಲಿಲ್ಲ. ಈಗ ಮಿಲ್ಲಿಲ್ಲ, ಆ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಬೀಗ ಮಾತ್ರ ನನ್ನ ಮಂಚದ ಕೆಳಗೆ, ಕೂಸಿನ ತಲೆಯಷ್ಟು ದಪ್ಪಗೆ, ಸರಪಳಿ ಸಮೇತ ಕ್ಷೇಮವಾಗಿದೆ.

ಇಂಥ ಐತಿಹಾಸಿಕ ಬೀಗ ಒಂದು ಜೊತೆ ಕಟ್ಟಿಸಿದ ಹಲ್ಲಿನ ದೆಸೆಯಿಂದ ಮಾನಗೆಟ್ಟಿತು. ಆ ಹಲ್ಲು ನನ್ನ ಭಾವನದು.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಅದೇ ಮಿಲ್ಲಿನಲ್ಲಿ ಹಾಜರಿ ಹಾಕುವ ಟೈಂಕೀಪರ್. ಮುಷ್ಕರದುದ್ದಕ್ಕೂ ದಿನಾ ಬಾಯ್ಲರ್ ಕೋಣೆಯ ಹಿಂದಿನಿಂದ ನುಸುಳಿ, ಒಂದು ನರಪಿಳ್ಳೆಯೂ ಇಲ್ಲದ ಮಿಲ್ಲಿನಲ್ಲಿ ಕುಳಿತು, ಎಲ್ಲರಿಗೂ ಗೈರುಹಾಜರಿ ಹಾಕಿ ಮನೆಗೆ ಹೋಗುತ್ತಿದ್ದ. ನಾವು ಅವನಿಗೆ ಹಿಂಬಾಗಿಲು ಎಂದು ಹೆಸರಿಟ್ಟಿದ್ದೆವು. ಮಕ್ಕಳೂ ಹಾಗೇ ಕರೆಯುತ್ತಿದ್ದವು. ಅವನು ಸಿಟ್ಟಾಗುತ್ತಿರಲಿಲ್ಲ, ದನಿ ಎತ್ತುತ್ತಿರಲಿಲ್ಲ. ದನಿ ಎತ್ತದವನ ಜೊತೆ ಜಗಳವಾಡುವುದು ಗೋಡೆಗೆ ಚೆಂಡೆಸೆದ ಹಾಗೆ, ಎಲ್ಲ ನಮಗೇ ವಾಪಸ್ಸು ಬರುತ್ತದೆ. ವಯಸ್ಸಾದ ಮೇಲೆ ಅವನ ಹಲ್ಲೂ ಹೋದವು, ನನ್ನ ಬಾಯಲ್ಲಿ ಪೊಲೀಸರು ಉಳಿಸಿದ್ದವೂ ಹೋದವು. ಹೆಂಡತಿ ಇಬ್ಬರನ್ನೂ ಒಬ್ಬನೇ ದಂತವೈದ್ಯನ ಮುಂದೆ ಒಟ್ಟಿಗೆ ಕೂರಿಸಿ ಹಲ್ಲು ಕಟ್ಟಿಸಿದಳು. (ಆ ಪುಣ್ಯಾತ್ಮ ಇಬ್ಬರಿಗೂ ಒಂದೇ ಅಚ್ಚು ಬಳಸಿದ ಎಂಬ ಗುಮಾನಿ ನನಗಿದೆ.)

ಎರಡು ಮೂರು ತಿಂಗಳ ಹಿಂದೆ ಭಾವ ತಂಗಿಯನ್ನು ನೋಡಲು ಬಂದಿದ್ದ. ಊಟದ ಹೊತ್ತಿಗೆ ಮಾತು ಮುಷ್ಕರಕ್ಕೆ ಬಂತು. ನೀವು ಬೀಗ ಹಾಕಿದ್ದಕ್ಕೇ ಮಿಲ್ಲು ಮುಚ್ಚಿತು ಎಂದು ಅವನು ಮೆಲ್ಲಗೆ ಹೇಳಿದ. ನಾನು ಮೆಲ್ಲಗೆ ಹೇಳಲಿಲ್ಲ. ಬೆಳಗ್ಗೆ ನಾವು ಏಳುವಷ್ಟರಲ್ಲಿ ಅವನು ಹಿತ್ತಲ ಬಾಗಿಲಿನಿಂದ ಹೊರಟುಹೋಗಿದ್ದ. ಹಲ್ಲು ಬಚ್ಚಲುಮನೆಯ ಗ್ಲಾಸಿನಲ್ಲಿ ನಗುತ್ತಾ ಉಳಿದಿತ್ತು.

ಕೇಳಿದ್ದರೆ ಕಳಿಸುತ್ತಿದ್ದೆ. ಅವನು ಕೇಳಲಿಲ್ಲ. ಬೇಡಿಕೆಯನ್ನೇ ಇಡದವನಿಗೆ ಈಡೇರಿಸುವುದು ನನ್ನ ತತ್ವಕ್ಕೆ ವಿರುದ್ಧ. ಹೆಂಡತಿ ಪಾರ್ಸೆಲ್ ಮಾಡಲು ಒಂದು ತಗಡಿನ ಡಬ್ಬ ತಂದಳು. ಅದರಲ್ಲಿ ನಾನು ಮೊಳೆ ತುಂಬಿಟ್ಟೆ. ಕೇಳಲಿ, ಕೊಡುತ್ತೇನೆ ಎಂದೆ. ಹೀಗೆ ಮಾತುಕತೆ ಮುರಿದುಬಿದ್ದ ಸ್ಥಿತಿಯಲ್ಲಿ ಅವನು ದೂರದ ತನ್ನೂರಿನಲ್ಲಿ ಒಂದು ತಿಂಗಳು ಗಂಜಿ ಕುಡಿದುಕೊಂಡಿದ್ದು, ಒಂದು ಬೆಳಗ್ಗೆ ಸತ್ತೇಹೋದ.

ಎದೆ ನಿಂತು ಸತ್ತ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ನನ್ನ ಹೆಂಡತಿಯ ವರದಿ ಬೇರೆ.

ಫೋನು ಮಾಡಿದವಳು ಭಾವನ ಮಗಳು, ಶಾಲೆಯ ಟೀಚರು. ಅವಳು ಅಳಲಿಲ್ಲ. "ಅತ್ತೆ, ಅಪ್ಪನ ಹಲ್ಲು ತನ್ನಿ. ಬಾಯಿ ಒಳಗೆ ಹೋಗಿಬಿಟ್ಟಿದೆ. ಈ ಮುಖಾನ ನಾಳೆ ಜನಕ್ಕೆ ಹೇಗೆ ತೋರಿಸ್ಲಿ?" ಎಂದಳು. ಮರುದಿನ ಬೆಳಗ್ಗೆ ಮಣ್ಣು ಮಾಡುವುದೆಂದು ಗೊತ್ತಾಗಿತ್ತು. ಅಷ್ಟರೊಳಗೆ ತಲುಪಲು ವಿಮಾನವೇ ಗತಿ. ಹೆಂಡತಿ ಹಲ್ಲನ್ನು ತೊಳೆದು ಕರವಸ್ತ್ರದಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಕೈಚೀಲವನ್ನು ಎಲ್ಲರೆದುರಿಗೆ ಜಾಲಾಡುತ್ತಾರೆ ಎಂದೆ. ನಿಮ್ಮಣ್ಣನ ಹಲ್ಲನ್ನು ಎತ್ತಿ ಹಿಡಿದು ಇದು ಯಾರದು ಎಂದು ಕೇಳಿದರೆ ಏನು ಹೇಳುತ್ತೀಯ ಎಂದೆ. ಅವಳು ಹಲ್ಲನ್ನು ಕೈಚೀಲದಿಂದ ತೆಗೆದು ನನ್ನ ಕೈಗಿಟ್ಟಳು. ನಮ್ಮ ದಾಂಪತ್ಯದಲ್ಲಿ ನಾನು ಗೆದ್ದ ಏಕೈಕ ವಾದ ಅದು. ಮೊಳೆ ಸುರಿದು ಡಬ್ಬ ತಂದೆ, ಹತ್ತಿ ಹಾಸಿ ಹಲ್ಲು ಮಲಗಿಸಿದೆ. ಡಬ್ಬ ಬಿಚ್ಚಿಕೊಳ್ಳದಂತೆ ತಾಮ್ರದ ತಂತಿ ಸುತ್ತಿದೆ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು, ನನ್ನ ಕೈಗೆ ಏನು ಸಿಕ್ಕರೂ ತಂತಿ ಸುತ್ತುತ್ತೇನೆ. ಸೂಟ್‌ಕೇಸಿನಲ್ಲಿ ಡಬ್ಬದ ಪಕ್ಕಕ್ಕೆ ಟಾರ್ಚು ಇಟ್ಟೆ, ಅದರ ಪಕ್ಕಕ್ಕೆ ಅಲಾರಂ ಗಡಿಯಾರ. (ಸಾವಿನ ಮನೆಯಲ್ಲಿ ನಮ್ಮನ್ನು ಯಾರು ಎಬ್ಬಿಸುತ್ತಾರೆ?) ಎಲ್ಲವನ್ನೂ ಮುಚ್ಚಿ, ಸರಪಳಿ ಬಿಗಿದು, ಗೇಟಿನ ಬೀಗ ಜಡಿದೆ.

ಚೀಲಕ್ಕೆ ಬೀಗ ಹಾಕುವುದು ಚಳವಳಿಯಲ್ಲಿ ಕಲಿತ ಮೊದಲ ಪಾಠ. ಬಾಯಿ ತೆರೆದ ಚೀಲದಿಂದ ಯಾರೂ ಏನನ್ನೂ ಕದಿಯುವುದಿಲ್ಲ, ಅದರೊಳಗೆ ಏನನ್ನೋ ಇಟ್ಟುಹೋಗುತ್ತಾರೆ. ಒಮ್ಮೆ ನಾನು ಜನ್ಮದಲ್ಲಿ ಕಂಡಿರದ ಚೂರಿಯೊಂದು ನನ್ನ ಚೀಲದಲ್ಲಿ ಸಿಕ್ಕಿ, ಅದರ ಋಣಕ್ಕೆ ಒಂದಿಡೀ ಮಳೆಗಾಲ ಒಳಗಿದ್ದೆ.

ವಿಮಾನ ನಿಲ್ದಾಣದಲ್ಲಿ ಸಾಮಾನು ತೆಗೆದುಕೊಳ್ಳುವ ಹುಡುಗಿ ಬೀಗವನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ಬೀಗ ಬೇಡ, ಒಳಗೆ ಅನುಮಾನ ಬಂದರೆ ಒಡೆಯುತ್ತಾರೆ, ಹಾಕಲೇಬೇಕೆಂದರೆ ತಪಾಸಣೆಯವರ ಹತ್ತಿರವೂ ಕೀಲಿ ಇರುವಂಥ ಬೀಗ ಅಂಗಡಿಯಲ್ಲಿ ಸಿಗುತ್ತದೆ ಎಂದು ನಯವಾಗಿ ತಿಳಿಸಿದಳು.

"ಪೊಲೀಸರ ಹತ್ರಾನೂ ಕೀಲಿ ಇದ್ರೆ ಅದನ್ನ ಬೀಗ ಅಂತಾರೇನಮ್ಮಾ?" ಎಂದೆ. "ಅದು ಚಿಲಕ."

ನನ್ನ ಹಿಂದಿನ ಸಾಲು ನಿಟ್ಟುಸಿರು ಬಿಟ್ಟಿತು. ಬೀಗ ಸರಪಳಿಗಳಿಂದ ತೂಕ ಹೆಚ್ಚಾಗಿದೆ, ಏನನ್ನಾದರೂ ತೆಗೆಯಿರಿ ಎಂದಳು. ಬೀಗ ಬಿಚ್ಚಿ, ಹೆಂಡತಿಯ ಸ್ವೆಟರು, ಶಾಲು, ಉಣ್ಣೆಯ ಕೋಟು ತೆಗೆದು, ಮತ್ತೆ ಬೀಗ ಹಾಕಿದೆ. ಅವಳು ಅವನ್ನು ಒಂದರ ಮೇಲೊಂದು ತೊಟ್ಟುಕೊಂಡು, ಬೆವರು ಯಾವುದು ಕಣ್ಣೀರು ಯಾವುದು ಎಂದು ತಿಳಿಯದ ಸ್ಥಿತಿಯಲ್ಲಿ, "ನಮ್ಮಣ್ಣ ಬೀಗ ಇಲ್ದೆ ಬದುಕಿದ್ದ" ಎಂದಳು.

ಒಳಗೆ ಕುರ್ಚಿಯ ಮೇಲೆ ಕುಳಿತೆವು. ಅವಳು ಮುಖ ತೊಳೆಯಲು ಹೋದಳು. ಆಗ ಮೈಕಿನಲ್ಲಿ ನನ್ನ ಹೆಸರು ಬಂತು. ನನ್ನ ಹೆಸರಿನ ಜೊತೆ ನನ್ನಪ್ಪನ ಹೆಸರೂ ಸೇರಿಸಿ, ಕೀಲಿ ಸಮೇತ ಕೂಡಲೇ ತಪಾಸಣಾ ಕೊಠಡಿಗೆ ಬರಬೇಕೆಂದು ಕೂಗಿದರು.

ಅಪ್ಪನ ಹೆಸರು ಸೇರಿಸಿ ನನ್ನನ್ನು ಕರೆದವರು ಈವರೆಗೆ ಪೊಲೀಸರು ಮತ್ತು ನ್ಯಾಯಾಲಯದ ಜವಾನರು ಮಾತ್ರ. ಚಳವಳಿಯ ಎರಡನೆಯ ಪಾಠವೇ ಇದು: ಹೆಸರು ಕೂಗಿದರೆ ಅಲುಗಬೇಡ. ಕೂಗುವವನಿಗೆ ನಿನ್ನ ಹೆಸರು ಗೊತ್ತಿದೆ, ಮುಖ ಗೊತ್ತಿಲ್ಲ. ಎದ್ದು ನಿಂತೆಯೋ, ಎರಡೂ ಗೊತ್ತಾಗುತ್ತವೆ. ನಾನು ಯೋಚಿಸಲೂ ಇಲ್ಲ, ನನ್ನ ಕೈ ತಾನಾಗಿ ಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿಯಿತು. ಮತ್ತೆ ಕೂಗಿದರು. ಪಕ್ಕದಲ್ಲಿದ್ದ ಟೈ ಕಟ್ಟಿದ ಮನುಷ್ಯ, ಯಾರು ಸ್ವಾಮಿ ಈ ಬೇಜವಾಬ್ದಾರಿ ಆಸಾಮಿ ಎಂದ. ಇಂಥವರಿಂದಲೇ ದೇಶ ಹಾಳಾಗಿರುವುದು ಎಂದು ನಾನೂ ಸೇರಿಸಿದೆ. ಇನ್ನೂ ಒಮ್ಮೆ ಕೂಗಿ, ಸುಸ್ತಾಗಿ ಬಿಟ್ಟರು. ವಿಮಾನದ ಬಾಗಿಲಲ್ಲಿ ಚೀಟಿ ನೋಡುವವನಿಗೆ ಜನರನ್ನು ತುಂಬುವ ಅವಸರ. ಮೈಕಿನವರಿಗೂ ಅವನಿಗೂ ಮಾತುಕತೆ ಇದ್ದಂತಿರಲಿಲ್ಲ. (ಯಾವ ಆಡಳಿತ ಮಂಡಳಿಯಲ್ಲಿ ಇದೆ?) ರಾಜ್ಯಶಕ್ತಿಯನ್ನು ಮತ್ತೊಮ್ಮೆ ಮಣಿಸಿದ ಹೆಮ್ಮೆಯಲ್ಲಿ ನಾನು ವಿಮಾನದಲ್ಲಿ ಗಡದ್ದಾಗಿ ನಿದ್ದೆ ಹೊಡೆದೆ.

ಇಳಿದ ಮೇಲೆ ಸಾಮಾನು ಬರುವ ಬೆಲ್ಟು ಸುತ್ತಿತು, ಸುತ್ತಿತು, ಬರಿದಾಗಿ ಸುತ್ತಿ ನಿಂತಿತು. ಅಲ್ಲಿನ ಗುಮಾಸ್ತ ಗಣಕಯಂತ್ರ ನೋಡಿ ವಿವರಿಸಿದ. ಸೂಟ್‌ಕೇಸಿನಲ್ಲಿ ತಂತಿ ಸುತ್ತಿದ ಡಬ್ಬ, ಬ್ಯಾಟರಿ, ಗಡಿಯಾರ ಎಕ್ಸ್‌ರೇ ತೆರೆಯಲ್ಲಿ ಕಂಡವಂತೆ. ಬೀಗ ಒಡೆಯಲು ಆಗಲಿಲ್ಲವಂತೆ. (ಆ ಕ್ಷಣದಲ್ಲೂ ನನ್ನ ಎದೆ ಉಬ್ಬಿತೆಂದು ಹೇಳದಿದ್ದರೆ ಸುಳ್ಳಾಗುತ್ತದೆ.) ಪ್ರಯಾಣಿಕರನ್ನು ಮತ್ತೆ ಮತ್ತೆ ಕರೆದರೂ ಬರಲಿಲ್ಲವಾದ್ದರಿಂದ ಸೂಟ್‌ಕೇಸನ್ನು ಇಳಿಸಿಬಿಟ್ಟಿದ್ದಾರೆ, ನಾಳೆ ಸಂಜೆ ಬರುತ್ತದೆ.

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಕರೆದ್ರಾ?"

"ಕರೆದ್ರು."

"ಕೇಳಿಸ್ತಾ?"

"ಕೇಳಿಸ್ತು."

ಆಮೇಲೆ ಅವಳು ಮಾತಾಡಲಿಲ್ಲ. ಜೈಲಿನಲ್ಲಿ ನನ್ನನ್ನು ಒಂಟಿ ಕೋಣೆಯಲ್ಲಿ ಇಟ್ಟಿದ್ದಾರೆ. ಟ್ಯಾಕ್ಸಿಯಲ್ಲಿ ಅವಳ ಪಕ್ಕ ಕುಳಿತ ಆ ದಾರಿಗೆ ಹೋಲಿಸಿದರೆ ಆ ಕೋಣೆ ಛತ್ರದಂತಿತ್ತು.

ಭಾವನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಕೆನ್ನೆ ಒಳಗೆ ಬಿದ್ದು, ಗಲ್ಲ ಮೂಗನ್ನು ಮುಟ್ಟಲು ಹೊರಟ ಹಾಗಿತ್ತು. ಅದು ನನಗೆ ಗೊತ್ತಿದ್ದ ಮುಖವಲ್ಲ, ಒಂದು ತಿಂಗಳು ಗಂಜಿ ಕುಡಿದ ಯಾರದೋ ಮುಖ. ಬೆಳಗ್ಗೆ ಹೆಣ ಸಿದ್ಧಮಾಡುವವನು ಬಂದು ಬಾಯಿಗೆ ಹತ್ತಿ ತುಂಬಿ ನೋಡಿದ. ಬಾಯಿ ಮುಕ್ಕಳಿಸಲು ನೀರು ತುಂಬಿಕೊಂಡು ಉಗಿಯಲು ಜಾಗ ಹುಡುಕುತ್ತಿರುವವನಂತೆ ಭಾವ ಕಂಡ. ಮಗಳು ಹತ್ತಿಯನ್ನು ತೆಗೆಸಿ, ಮುಖದ ಮೇಲೆ ಬಟ್ಟೆ ಎಳೆದು, ಗೋಡೆಯ ಕಡೆ ತಿರುಗಿ ನಿಂತಳು. ಹೊರಗೆ ಜನ ಸೇರುತ್ತಿದ್ದರು.

ನಾನು ಆ ಹೆಣದವನಿಗೆ ತಪಾಸಣೆಯ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆಯನ್ನು ವಿವರಿಸುತ್ತಿದ್ದೆ. ಹೆಂಡತಿ ನನ್ನ ಬಾಯನ್ನೇ ನೋಡುತ್ತಿದ್ದಳು. ಮಾತಿನಲ್ಲಿ ಆಸಕ್ತಿ ಬಂದಿದೆ ಎಂದುಕೊಂಡೆ.

"ತೆಗೀರಿ" ಎಂದಳು.

"ಏನು?"

"ಹಲ್ಲು."

ಮುಷ್ಕರ ಒಡೆದವನ ಬಾಯಿಗೆ, ಮುಷ್ಕರಕ್ಕಾಗಿ ಹಲ್ಲು ಉದುರಿಸಿಕೊಂಡವನ ಹಲ್ಲೇ ಎಂದು ನಾನು ತತ್ವದ ಮಾತು ಎತ್ತಿದೆ. ಅವಳು ದನಿ ಎತ್ತಲಿಲ್ಲ. ಅದು ಅವರ ವಂಶದ ಗುಣ.

"ಕೇಳಿದ್ರೆ ಕೊಡ್ತೀನಿ ಅಂತಿದ್ರಲ್ಲ ನೀವು. ಅವನು ಕೇಳದೇನೆ ಹೋದ. ಈಗ ಅವನ ಪರವಾಗಿ ನಾನು ಕೇಳ್ತಿದ್ದೀನಿ. ತೆಗೀರಿ."

ಇದಕ್ಕೆ ಚಳವಳಿಯಲ್ಲಿ ಯಾವ ಪಾಠವೂ ಇಲ್ಲ. ತೆಗೆದುಕೊಟ್ಟೆ. ಹೆಣದವನು ಒರೆಸಿ, ಒತ್ತಿ, ಕೂರಿಸಿದ. ಟಕ್ ಎಂದು ಕೂತಿತು. ಭಾವನ ಮುಖ ವಾಪಸ್ಸು ಬಂತು. ಮಗಳು ಹತ್ತಿರ ಬಂದು ನೋಡಿ, ಆಗ ಮೊದಲ ಬಾರಿಗೆ ಅತ್ತಳು.

ಬಂದವರೆಲ್ಲ ಎಂಥ ಕಳೆ, ಎಂಥ ಗಟ್ಟಿ ಮುಖ ಎಂದರು. ಮಿಲ್ಲಿನ ಹಳೆಯ ನೂಲುಗಾರನೊಬ್ಬ ಬಹಳ ಹೊತ್ತು ನಿಂತು ನೋಡಿ, ಈಗ ಎದ್ದು ಘೋಷಣೆ ಕೂಗುವ ಹಾಗಿದ್ದಾನೆ, ಬದುಕಿದ್ದಾಗ ಈ ಕೆಚ್ಚು ಎಲ್ಲಿತ್ತೋ ಎಂದ. ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದೆ. ದುಃಖ ಉಕ್ಕಿ ಬಂದಿದೆ ಎಂದು ಜನ ಬೆನ್ನು ಸವರಿದರು. ನಾಲ್ಕು ಮಾತಾಡಿ ಎಂದು ಮುಂದೆ ತಳ್ಳಿದರು. ಬಾಯಿ ತೆರೆದೆ, ಗಾಳಿ ಬಂತು. ಮತ್ತೆ ತೆರೆದೆ, ಇನ್ನಷ್ಟು ಗಾಳಿ ಬಂತು. ಇಡೀ ಸಭೆ ಬಿಕ್ಕಿತು. ಜೀವಮಾನವಿಡೀ ಭಾಷಣ ಮಾಡಿದ್ದೇನೆ, ಒಬ್ಬನನ್ನೂ ಅಳಿಸಿರಲಿಲ್ಲ.

ಮಣ್ಣಾಯಿತು. ನನ್ನ ಹಲ್ಲು ಆ ಹಿಂಬಾಗಿಲಿನವನ ಜೊತೆ ಹೋಯಿತು.

ಸಂಜೆ ವಿಮಾನದವರ ಆಳು ಸೂಟ್‌ಕೇಸ್ ತಂದ. ಸರಪಳಿ ಹಾಗೇ ಇತ್ತು, ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ನೋಡಿದೆಯಾ ಎಂದು ಹೆಂಡತಿಗೆ ಸನ್ನೆ ಮಾಡಿದೆ. (ಮಾತು ಬರುತ್ತಿರಲಿಲ್ಲವಲ್ಲ.) ಅವಳು ಸೂಟ್‌ಕೇಸನ್ನು ತಿರುಗಿಸಿದಳು. ಹಿಂಬದಿಯನ್ನು ಮೇಲಿಂದ ಕೆಳಗಿನವರೆಗೆ ಸೀಳಿ, ಟೇಪು ಹಚ್ಚಿದ್ದರು. ಬಾಂಬಿನ ದಳದವರು ದಪ್ಪ ಅಂಗಿ ತೊಟ್ಟು, ಮರಳಿನ ಮೂಟೆಯ ಹಿಂದೆ ಬೋರಲಾಗಿ ಮಲಗಿ, ಉದ್ದನೆಯ ಕೋಲಿನಿಂದ ಡಬ್ಬ ತೆರೆದರಂತೆ. ಹಲ್ಲು ಅವರನ್ನು ನೋಡಿ ನಕ್ಕಿತಂತೆ. ಆಳು ಇದನ್ನು ಹೇಳುವಾಗ ನಗಲಿಲ್ಲ, ಸಾವಿನ ಮನೆ ಎಂದು ತಡೆದುಕೊಂಡಿರಬೇಕು.

ಹೆಂಡತಿ ಹಲ್ಲನ್ನು ತೊಳೆದು ಗ್ಲಾಸಿಗೆ ಹಾಕಿ ನನ್ನ ಮುಂದಿಟ್ಟಳು. ಅದರ ಪಕ್ಕ ಒಂದು ಬಟ್ಟಲು ಗಂಜಿ. ಯಾವುದು ಬೇಕೋ ಆರಿಸಿಕೊಳ್ಳಿ ಎಂಬಂತೆ ನೋಡಿ ಹೋದಳು. ನಾನು ತತ್ವನಿಷ್ಠನಾಗಿ ಗಂಜಿ ಆರಿಸಿಕೊಂಡೆ. ಮನೆಗೆ ಮರಳಿದ ಮೇಲೂ ಅದನ್ನೇ ಕುಡಿದೆ. ಒಂದು ತಿಂಗಳ ಗಂಜಿ ಎಂದರೆ ಏನೆಂದು ಒಂದು ವಾರದಲ್ಲೇ ಗೊತ್ತಾಯಿತು. ಆಮೇಲೆ ಒಂದು ಬೆಳಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಯಾರಿಗೂ ಕಾಣದಂತೆ, ಭಾವನ ಹಲ್ಲನ್ನು ಬಾಯಿಗಿಟ್ಟೆ.

ಸರಿಯಾಗಿ ಕೂತಿತು. ನನ್ನದಕ್ಕಿಂತ ಚೆನ್ನಾಗಿಯೇ ಕೂತಿತು.

ಮೊನ್ನೆ ಪಿಂಚಣಿಯವರ ಧರಣಿಯಿತ್ತು. ನನ್ನ ಸರದಿ ಬಂತು. ಮುಷ್ಟಿ ಎತ್ತಿ, ಎದೆ ತುಂಬ ಉಸಿರೆಳೆದು, ಧಿಕ್ಕಾರ ಎಂದು ಬಾಯಿ ಅಗಲಿಸಿದೆ. ಮೇಲಿನ ಸಾಲು ಕಳಚಿ, ಮೈಕಿಗೆ ಬಡಿದು, ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿಯ ಮಡಿಲಿಗೆ ಬಿತ್ತು. ಅವಳು ಅದನ್ನು ಸೆರಗಿನಲ್ಲಿ ಒರೆಸಿ, ಎದ್ದು ಬಂದು ನನ್ನ ಕೈಗಿಟ್ಟಳು.

"ಮೆಲ್ಲಗೆ ಹೇಳಿ" ಎಂದಳು. "ಅವನಿಗೆ ಕೂಗಿ ಅಭ್ಯಾಸ ಇಲ್ಲ."