ದಿಂಡಿನೊಳಗಿನ ನೀರು

ಬೆಳಗ್ಗೆ ಸ್ನಾನ, ವಿಭೂತಿ, ಪೂಜೆ ಮುಗಿಸಿ ಲಾರಿ ಹತ್ತಿದೆನೆಂದರೆ ಸಂಜೆಯೊಳಗೆ ಏನಾದರೊಂದು ವಿಚಿತ್ರ ನೋಡದೆ ನಾನು ನಮ್ಮೂರು ಬಂಡಳ್ಳಿಗೆ ಹಿಂದಿರುಗಿದ್ದೇ ಕಡಿಮೆ. ನನ್ನ ಕಸುಬು ಅಂಥದ್ದು. ನಮ್ಮಲ್ಲಿಂದ ಅರ್ಧ ದಿನದ ದಾರಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಒಂದು ಕಾರ್ಖಾನೆ ಇದೆ. ಕಲ್ಲಿದ್ದಲು ಹಡಗು, ರೈಲು, ಲಾರಿ ಎಲ್ಲ ಹತ್ತಿಳಿದು ಬರುವಷ್ಟರಲ್ಲಿ ದುಬಾರಿಯಾಗುತ್ತದೆ, ಅದಕ್ಕೆ ಹೊಲದ ಕಸವನ್ನೂ ಬೆರೆಸುತ್ತಾರೆ. ಕಾಳು ಬಿಡಿಸಿದ ಮೇಲೆ ಉಳಿಯುವ ಮುಸುಕಿನ ಜೋಳದ ದಿಂಡನ್ನು ಅವರಿಗೆ ಸಾಗಿಸುವವನು ನಾನು.

೧. ಕಸದ ಬೆಲೆ

ಹೂಗ್ಯಂನಲ್ಲಿ ಒಬ್ಬ ಅಜ್ಜಿ. ಹಿತ್ತಲಲ್ಲಿ ದಿಂಡಿನ ಗುಡ್ಡೆ ಬಿದ್ದಿದೆ, ಹಾವು ಸೇರಿಕೊಳ್ಳುತ್ತವೆ, ಯಾರಾದರೂ ಎತ್ತಿಕೊಂಡು ಹೋದರೆ ಪುಣ್ಯ ಬರುತ್ತದೆ ಎಂದು ವರ್ಷವೆಲ್ಲ ಹೇಳುತ್ತಿದ್ದಳು. ಪುಣ್ಯವೂ ಬರಲಿ ಎಂದು ಲಾರಿ ತಂದೆ. ಎಲ್ಲಿಗೆ ಎಂದಳು. ಕರೆಂಟು ಮಾಡೋಕೆ ಎಂದೆ. ಗುಡ್ಡೆಯ ಮುಂದೆ ಕೂತೇ ಬಿಟ್ಟಳು. ಲಾರಿಗೆ ಇಷ್ಟು ಕೊಡು ಎಂದು ಬೆಲೆ ಕಟ್ಟಿದಳು.

ನಿನ್ನೆವರೆಗೂ ಕಸ ಅಂತಿದ್ಯಲ್ಲವ್ವ ಎಂದು ಕೇಳಿದೆ.

"ನಿಂಗೆ ಬೇಕು ಅಂದ್ಮೇಕೆ ಅದೆಂಗ್ಲಾ ಕಸ ಆದ್ದು?" ಎಂದಳು.

ಕೇಳಿದಷ್ಟು ಕೊಟ್ಟೆ. ಪುಣ್ಯದ ಮಾತನ್ನು ಇಬ್ಬರೂ ಎತ್ತಲಿಲ್ಲ.

೨. ನೆನೆಯುವ ಹೊತ್ತು

ಕಾರ್ಖಾನೆಯವರ ಕಟ್ಟಳೆ ಬಿಗಿ. ದಿಂಡಿನಲ್ಲಿ ನೂರಕ್ಕೆ ಹದಿನೈದು ಪಾಲಿಗಿಂತ ಹೆಚ್ಚು ನೀರಿದ್ದರೆ ಲೋಡು ವಾಪಸು. ಮೂರು ಸಲ ವಾಪಸಾದರೆ ಸಾಗಿಸುವವನ ಹೆಸರೇ ರದ್ದು. ನನ್ನ ಮೊದಲ ಲೋಡು ಕಾಮಗೆರೆ ದಾಟುವಾಗ ಮಳೆಗೆ ಸಿಕ್ಕಿ ವಾಪಸಾಯಿತು. ಅದು ದೈವೇಚ್ಛೆ.

ಎರಡನೆಯದು ಮನುಷ್ಯರ ಇಚ್ಛೆ. ಕಾರ್ಖಾನೆಯ ಒಳಗೆ ಸಾಲಿನಲ್ಲಿ ನಿಂತಿದ್ದೆವು. ಪಕ್ಕದಲ್ಲೇ ಕಲ್ಲಿದ್ದಲಿನ ರಾಶಿ. ಧೂಳೇಳಬಾರದೆಂದು ಅವರದೇ ಆಳು ಪೈಪು ಹಿಡಿದು ರಾಶಿಗೆ ನೀರು ಹೊಡೆಯುತ್ತಾ ನಮ್ಮ ಲಾರಿಗೂ ಸ್ನಾನ ಮಾಡಿಸಿದ. ಪರೀಕ್ಷೆಯಲ್ಲಿ ಬಿದ್ದೆವು. ನಿಮ್ಮ ಕಲ್ಲಿದ್ದಲೂ ನೆನೆದಿದೆಯಲ್ಲ ಸ್ವಾಮಿ ಎಂದು ಪರೀಕ್ಷೆಯ ಅಧಿಕಾರಿಯನ್ನು ಕೇಳಿದೆ.

ಅವರು ಸಮಾಧಾನವಾಗಿ ಹೇಳಿದರು: "ಅದು ಪರೀಕ್ಷೆ ಆದ್ಮೇಲೆ ನೆಂದಿದೆ. ನೀವು ಮೊದಲೇ ನೆಂದ್ಬಿಟ್ರಿ."

೩. ಮೂರನೇ ಲೋಡು

ಇದೂ ವಾಪಸಾದರೆ ನನ್ನ ಕಸುಬು ಮುಗಿಯಿತು. ಎಂಟು ದಿನ ದಿಂಡನ್ನು ಕಣದಲ್ಲಿ ಹರಡಿ ಹಪ್ಪಳದಂತೆ ಒಣಗಿಸಿ, ಮಾದಪ್ಪನಿಗೆ ಕೈಮುಗಿದು ಹೊರಟೆ.

ಡ್ರೈವರು ಲಾರಿಯನ್ನು ಒಳಗಿನ ಸಾಲಿಗೆ ಒಯ್ದ, ನಾನು ಗೇಟಿನ ಪಕ್ಕದ ಪರೀಕ್ಷೆಯ ಕೋಣೆಗೆ ಹೋದೆ. ಪರೀಕ್ಷೆ ಹೀಗೆ: ಒಂದು ಹಿಡಿ ದಿಂಡು ತೂಗಿ, ಕರೆಂಟಿನ ಒಲೆಯಲ್ಲಿ ಒಣಗಿಸಿ, ಮತ್ತೆ ತೂಗುತ್ತಾರೆ. ಕಳೆದ ತೂಕವೆಲ್ಲ ನೀರು. ಅಧಿಕಾರಿ ಹಿಡಿ ತೂಗಿದರು. ಒಲೆಯ ಗುಂಡಿ ಒತ್ತಿದರೆ ಕರೆಂಟಿಲ್ಲ. ಕರೆಂಟು ಮಾಡೋ ಜಾಗದಲ್ಲಿ ಕರೆಂಟಿಲ್ಲವೇ ಎಂದೆ. ಇಲ್ಲಿ ಮಾಡಿದ್ದು ದೊಡ್ಡ ತಂತಿಯಲ್ಲಿ ಹೊರಗೆ ಹೋಗುತ್ತದಂತೆ, ಗೇಟಿನ ಕೋಣೆಗೆ ಹಳ್ಳಿಯ ಲೈನಂತೆ.

ಕಾಯುವುದೇಕೆಂದು ಕಾವಲುಗಾರನ ಟೀ ಒಲೆಯ ಮೇಲೆ ಬಾಣಲೆ ಇಟ್ಟು, ನಮ್ಮ ಹಿಡಿ ದಿಂಡನ್ನು ಅದಕ್ಕೆ ಹಾಕಿದರು. ಆ ಮಾತು ಈ ಮಾತು ಆಡುತ್ತಿದ್ದೆವು. ಭಗ್ಗೆಂದಿತು. ತಿರುಗಿ ನೋಡಿದರೆ ಬಾಣಲೆಯಲ್ಲಿ ಒಂದು ಚಿಟಿಕೆ ಬೂದಿ. ಇಷ್ಟು ಒಣಗಿದ ದಿಂಡು ಈ ಕಾರ್ಖಾನೆ ಕಂಡಿರಲಿಕ್ಕಿಲ್ಲ, ಗೆದ್ದೆ ಎಂದುಕೊಂಡೆ.

ಅಧಿಕಾರಿ ಕಟ್ಟಳೆಯ ಮನುಷ್ಯರು. ಬೂದಿಯನ್ನು ತೂಗಿ, ಲೆಕ್ಕ ಹಾಕಿ ಬರೆದರು: ನೀರು, ನೂರಕ್ಕೆ ೯೬.

"ಸ್ವಾಮಿ, ನೀರು ಹತ್ತಿ ಉರೀತದಾ?"

"ಉರಿದದ್ದನ್ನ ಬರೆಯೋಕೆ ಈ ಫಾರಂನಲ್ಲಿ ಜಾಗ ಇಲ್ಲ ಕಣ್ರಿ. ತೂಕ ಎಷ್ಟು ಹೋಯ್ತು ಅಂತಷ್ಟೇ ಕೇಳ್ತದೆ." ಲೋಡು ವಾಪಸು ತೆಗೆದುಕೊಂಡು ಹೋಗಿ ಎಂದರು.

ಅಷ್ಟರಲ್ಲಿ ನಮ್ಮ ಡ್ರೈವರು ಖಾಲಿ ಲಾರಿ ಓಡಿಸಿಕೊಂಡು ಬಂದ. ಬಾಯ್ಲರಿಗೆ ತುರ್ತಾಗಿತ್ತೆಂದು ಒಳಗಿನವರು ಪರೀಕ್ಷೆಗೂ ಕಾಯದೆ ಇಳಿಸಿಕೊಂಡು ಹಾಕಿಬಿಟ್ಟಿದ್ದರು. ವಾಪಸಿನ ವಿಷಯ ಕೇಳಿ ಅವನು ಲಾರಿಯಿಂದ ಇಳಿದು ಬಂದ.

"ತಕಂಡೋಯ್ತೀನಿ ಸಾ. ಬೂದಿ ಯಾವ್ ಕಡೆ ಬೀಳ್ತದೆ ತೋರ್ಸಿ."

ಅಧಿಕಾರಿ ಕಿಟಕಿಯಿಂದ ಚಿಮಣಿಯ ಹೊಗೆಯನ್ನು ನೋಡಿದರು. ಆಮೇಲೆ ಪೆನ್ನು ತೆಗೆದು, ೯೬ರಲ್ಲಿ ಒಂಬತ್ತನ್ನು ಮಾತ್ರ ಹೊಡೆದು ಹಾಕಿ, ಕೆಳಗೆ ಸಹಿ ಮಾಡಿದರು.