ಪಟಾಕಿ ಸಿಡಿದರೆ ನಿಲ್ಲುವ ಓಟಗಾರ

“ಅಮ್ಮಾ, ಢಂ ಅಂದ ತಕ್ಷಣ ಎಲ್ಲಾರೂ ಓಡ್ತಾರಲ್ಲ, ಉಪೇಂದ್ರ ಮಾಮ ಮಾತ್ರ ಯಾಕೆ ನಿಂತ್ಕೋತಾರೆ?”

ನನ್ನ ಮಗಳು ಸುಬ್ಬಿ ಇದನ್ನು ಕೇಳಿದ್ದು ನಮ್ಮ ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನ ನಲ್ಲಿಯ ಹತ್ತಿರ, ನಾಲ್ಕೂವರೆ ವರ್ಷದ ಗಂಟಲಿಗೆ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ. ಅವಳ ಬಾಯಿ ಮುಚ್ಚೋಣ ಅಂದರೆ ನನ್ನ ಎರಡು ಕೈಯಲ್ಲೂ ಬಿಂದಿಗೆ. ಉಪೇಂದ್ರ ಅವರೋ ನಾಲ್ಕೇ ಹೆಜ್ಜೆ ಆಚೆ, ಖಾಕಿ ಚಡ್ಡಿ ಹಾಕಿಕೊಂಡು ಬಸ್ಕಿ ಹೊಡೆಯುತ್ತಿದ್ದರು. ಅವರ ಹೆಂಡತಿ ಪುಟ್ಟಲಕ್ಷ್ಮಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಗಂಡನ ಜೊತೆ ಜಗಳವಾಡುತ್ತಿದ್ದಳು. ಜಗಳಕ್ಕೆ ಆಗಲೇ ಅರ್ಧ ಗಂಟೆ ವಯಸ್ಸಾಗಿತ್ತು. ಮಗುವಿನ ಮಾತು ಬಿದ್ದದ್ದೇ, ಒಲೆಗೆ ಇನ್ನೊಂದು ಸಲಿಕೆ ಕಲ್ಲಿದ್ದಲು ಹಾಕಿದ ಹಾಗಾಯಿತು.

ಪುಟ್ಟಲಕ್ಷ್ಮಿ: ಕೇಳಿಸ್ತೇನ್ರೀ? ಮಗೂಗೂ ಗೊತ್ತಾಗೋಗಿದೆ. ಇನ್ನು ಸ್ಟೇಷನ್ನಲ್ಲಿ ಬೋರ್ಡು ಬರೆಸೋದೊಂದು ಬಾಕಿ.

ಉಪೇಂದ್ರ: ನಾನು ನಿಂತ್ಕೊಳ್ಳೋದಿಲ್ಲ ಕಣೇ. ನಿಲ್ಲಿಸ್ತೀನಿ. ಎರಡಕ್ಕೂ ವ್ಯತ್ಯಾಸ ಇದೆ.

ಪುಟ್ಟಲಕ್ಷ್ಮಿ: ಏನನ್ನ ನಿಲ್ಲಿಸ್ತೀರಿ? ನಿಮ್ಮ ಕಾಲ ಕೆಳಗೆ ಎಂಜಿನ್ ಇತ್ತಾ?

ಉಪೇಂದ್ರ: ಢಂ ಅಂದ್ಮೇಲೆ ಎಂಜಿನ್ ಇದೆಯೋ ಇಲ್ವೋ ಅಂತ ನೋಡ್ತಾ ಕೂತ್ಕೊಂಡ್ರೆ ಅಪಘಾತ ಆಗತ್ತೆ.

ಅವರು ಗೂಡ್ಸ್ ಗಾಡಿಯ ಡ್ರೈವರು. ಮಾಗಿಯ ಬೆಳಗಿನ ಜಾವ ಸೋಲದೇವನಹಳ್ಳಿ ಕಡೆ ಮಂಜು ಮುಸುಕಿ ಸಿಗ್ನಲ್ ಕಾಣದಿದ್ದಾಗ ಹಳಿಯ ಮೇಲೆ ಒಂದು ಪಟಾಕಿ ಕಟ್ಟಿರುತ್ತಾರಂತೆ. ಚಕ್ರ ಹತ್ತಿದರೆ ಢಂ. ಢಂ ಅಂದರೆ ಬ್ರೇಕ್. ಹನ್ನೊಂದು ವರ್ಷ ಎಂಜಿನ್ ಮೇಲೆ ಹೀಗೇ ಬಾಳಿದ ಮನುಷ್ಯನನ್ನು ವರ್ಷಕ್ಕೊಮ್ಮೆ ರೈಲ್ವೆ ಸ್ಪೋರ್ಟ್ಸಿನ ಮೈದಾನದಲ್ಲಿ ಗೆರೆಯ ಮೇಲೆ ಬಗ್ಗಿಸಿ ನಿಲ್ಲಿಸಿ, ಕಿವಿಯ ಹತ್ತಿರ ಪಿಸ್ತೂಲು ಹೊಡೆದು, ‘ಓಡು’ ಅನ್ನುತ್ತಾರೆ. ಹೋದ ವರ್ಷ ನಾನೇ ಕಣ್ಣಾರೆ ಕಂಡೆ. ಉಳಿದ ಐದು ಜನ ಮುಂದಕ್ಕೆ ನೆಗೆದರು. ಇವರು ಬಲಗೈ ಎತ್ತಿ, ಗಾಳಿಯಲ್ಲಿ ಏನನ್ನೋ ಹಿಡಿದು ಎಳೆದು, ‘ಸ್ಸ್ಸ್’ ಅಂತ ಉಸಿರು ಬಿಟ್ಟು ನಿಂತರು.

ನಾನು: ಆಮೇಲೆ ಓಡಿದ್ರಲ್ಲ ಲಕ್ಷ್ಮಿ. ನಾಲ್ಕು ಜನರನ್ನ ದಾಟಿದ್ರು. ಕೊನೇಲಿ ನಿನ್ನ ತಮ್ಮ ಒಬ್ಬನೇ ಉಳಿದಿದ್ದ.

ಪುಟ್ಟಲಕ್ಷ್ಮಿ: ಹೂಂ, ಅವನ ಪಕ್ಕಕ್ಕೂ ಬಂದ್ರು. ಇನ್ನು ಹತ್ತು ಗಜ. ನಾನು ಅಲ್ಲೇ ಗೆರೆ ಪಕ್ಕ ನಿಂತು, ಬನ್ನಿ ಬನ್ನಿ ಅಂತ ಸೆರಗು ಬೀಸ್ತಾ ಇದೀನಿ. ಈ ಮಹಾನುಭಾವ್ರು ನಿಧಾನ ಮಾಡ್ಬಿಟ್ರು!

ಉಪೇಂದ್ರ: ಅದು ಯಾಕೆ ಅಂತ ನನಗೂ ಗೊತ್ತಿಲ್ಲ. ಕಾಲು ತಾನಾಗೇ ನಿಧಾನ ಆಯ್ತು.

ಪುಟ್ಟಲಕ್ಷ್ಮಿ: ಅದರ ಹಿಂದಿನ ವರ್ಷ?

ಉಪೇಂದ್ರ: ಅದು ಬೇರೆ. ಅವತ್ತು ಹಿಂದಿನಿಂದ ದಬದಬ ಅಂತ ಸದ್ದಾಯ್ತು. ಮೇಲ್ ಗಾಡಿ ಬರ್ತಿದೆ ಅನ್ನಿಸ್ತು. ಗೂಡ್ಸಿನವನು ಪಕ್ಕದ ಲೈನಿಗೆ ಹೋಗಿ ದಾರಿ ಬಿಡಬೇಕು. ಬಿಟ್ಟೆ.

ಪುಟ್ಟಲಕ್ಷ್ಮಿ: ನನ್ನ ತಮ್ಮ ಮೇಲ್ ಗಾಡೀನಾ?

ಉಪೇಂದ್ರ: ನಮ್ಮನೇಲಿ ಊಟಕ್ಕೆ ಬರೋದು ನೋಡಿದ್ರೆ ಪ್ಯಾಸೆಂಜರ್ರು. ದಿನಕ್ಕೆ ಎರಡು ಸಲ, ಸರಿಯಾದ ಟೈಮಿಗೆ.

ನನಗೆ ನಗು ಬಂತು. ಪುಟ್ಟಲಕ್ಷ್ಮಿಗೆ ಬರಲಿಲ್ಲ. ಅವಳ ತಮ್ಮ ಸೇತುರಾಮ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ, ಇನ್ನೂ ಮದುವೆಯಾಗಿಲ್ಲ, ತೆಳ್ಳಗೆ ಬೆಳ್ಳಗೆ ಇದ್ದಾನೆ. ನೂರು ಗಜದ ಓಟದ ಬೆಳ್ಳಿ ಕಪ್ಪನ್ನು ಎರಡು ವರ್ಷದಿಂದ ಅವನೇ ಗೆಲ್ಲುತ್ತಿದ್ದಾನೆ. ಬಾಡಿಗೆ ರೂಮಿನಲ್ಲಿ ಜಾಗವಿಲ್ಲವೆಂದು ಕಪ್ಪನ್ನು ತಂದಿಟ್ಟಿರುವುದು ಅಕ್ಕನ ಮನೆಯ ಗೂಡಿನಲ್ಲಿ, ಉಪೇಂದ್ರ ಊಟಕ್ಕೆ ಕೂರುವ ಮಣೆಯ ನೇರ ಎದುರಿಗೆ. ಈ ಭಾನುವಾರದ ಸ್ಪೋರ್ಟ್ಸಿನಲ್ಲೂ ಅವನೇ ಗೆದ್ದರೆ ಮೂರು ವರ್ಷ ಸತತ ಗೆದ್ದ ಹಾಗೆ. ಆಗ ಕಪ್ಪನ್ನು ಯಾರೂ ವಾಪಸ್ಸು ಕೇಳುವಂತಿಲ್ಲ. ಉಪೇಂದ್ರ ಅವರು ಜೀವನಪರ್ಯಂತ ಅದನ್ನು ನೋಡಿಕೊಂಡೇ ಸಾರನ್ನ ಉಣ್ಣಬೇಕು.

ಪುಟ್ಟಲಕ್ಷ್ಮಿ: ನೋಡು ವೇಣಿ, ತಮ್ಮನ ಕಪ್ಪನ್ನ ಎರಡು ವರ್ಷದಿಂದ ಶುಕ್ರವಾರ ಶುಕ್ರವಾರ ವಿಭೂತಿ ಹಾಕಿ ಉಜ್ಜಿದೀನಿ. ಸಂತೋಷಾನೇ. ಆದ್ರೆ ಒಂದ್ಸಲ, ಒಂದೇ ಒಂದ್ಸಲ, ಗಂಡನ ಕಪ್ ಉಜ್ಜೋಣ ಅಂತ ಆಸೆ ಇರಲ್ವಾ?

ಈ ಮಾತಿಗೆ ಉಪೇಂದ್ರ ಬಸ್ಕಿ ನಿಲ್ಲಿಸಿ ನೆಲ ನೋಡಿದರು. ನಾನು ಬಿಂದಿಗೆ ಕೆಳಗಿಟ್ಟು ಮನೆಗೆ ಹೋದೆ. ದಿನಸಿ ಅಂಗಡಿಯ ಕಾಗದದ ಚೀಲಗಳನ್ನು ಮಡಿಸಿ ಹಾಸಿಗೆಯ ಕೆಳಗೆ ಕೂಡಿಡುವುದು ನನ್ನ ಅಭ್ಯಾಸ. ಏಳು ಸಿಕ್ಕವು.

ನಾನು: ಇದನ್ನ ಊದಿ ಒಡೀತೀನಿ. ಢಂ ಅಂದಾಗ ಓಡೋದನ್ನ ರೂಢಿ ಮಾಡ್ಕೊಳ್ಳಿ. ಈ ನಲ್ಲಿಯಿಂದ ಬೇಲಿ ಹತ್ತಿರದ ಹುಣಸೆಮರದವರೆಗೆ.

ಉಪೇಂದ್ರ: ಸರಿಯಾಗಿ ನೂರು ಗಜ. ಅಳೆದಿದೀನಿ.

ಮೊದಲನೇ ಚೀಲ ಒಡೆದೆ. ಬಲಗೈ ಮೇಲೆ ಹೋಯಿತು. ಸ್ಸ್ಸ್.

ಎರಡನೆಯದಕ್ಕೆ ಪುಟ್ಟಲಕ್ಷ್ಮಿ ಹೋಗಿ ಆ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಡಗೈಯಲ್ಲಿ ಬ್ರೇಕ್ ಎಳೆದರು.

ಮೂರನೆಯದಕ್ಕೆ ಎರಡೂ ಕೈ ಚಡ್ಡಿಯ ಜೇಬಿನಲ್ಲಿ ಇಟ್ಟುಕೊಳ್ಳಲು ಹೇಳಿದೆ. ಈ ಸಲ ಕೈ ಬರಲಿಲ್ಲ, ಕತ್ತು ತಿರುಗಿತು.

ಪುಟ್ಟಲಕ್ಷ್ಮಿ: ಹಿಂದೆ ಏನ್ರೀ ನೋಡ್ತೀರಿ?

ಉಪೇಂದ್ರ: ಗಾರ್ಡು ಹಸಿರು ಬಾವುಟ ತೋರಿಸಿದ್ರಾ ಅಂತ.

ಪುಟ್ಟಲಕ್ಷ್ಮಿ: ಹಿಂದೆ ಇರೋದು ನಾನು!

ಉಪೇಂದ್ರ: ಅದಕ್ಕೇ ಹೊರಡ್ಲಿಲ್ಲ.

ನಾನು: ಅಲ್ಲಾ ಉಪೇಂದ್ರ ಅವ್ರೇ, ಢಂ ಅಂದ್ಮೇಲೆ ಗಾಡಿ ಅಲ್ಲೇ ಸಂಜೆವರೆಗೂ ನಿಂತಿರತ್ತಾ? ಮತ್ತೆ ಹೊರಡೋಕೆ ಏನೋ ಒಂದು ಇರ್ಬೇಕಲ್ಲ.

ಉಪೇಂದ್ರ: ಇದೆಯಲ್ಲ. ಮುಂದೆ ಯಾರಾದ್ರೂ ಹಸಿರು ತೋರಿಸಿದ್ರೆ ಹೊರಡಬಹುದು.

ಪುಟ್ಟಲಕ್ಷ್ಮಿ: ಭಾನುವಾರ ನಿಮಗೋಸ್ಕರ ಸ್ಟೇಷನ್ ಮಾಸ್ಟ್ರು ಬಂದು ಹಸಿರು ದೀಪ ಹಿಡ್ಕೊಂಡು ನಿಂತಿರ್ತಾರೆ, ಕಾಯ್ತಾ ಇರಿ.

ನಾಲ್ಕು, ಐದು, ಆರು. ಚೀಲಗಳು ಹೋದವು, ಉಪೇಂದ್ರ ಹೋಗಲಿಲ್ಲ. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಬೇಳೆ ನೆನಪಾಗಿ ಒಳಗೆ ಓಡಿ ನೀರು ಹಾಕಿ ಬಂದೆ. ಬಂದು ನೋಡಿದರೆ ಸುಬ್ಬಿ ಇಲ್ಲ. ಅತ್ತಿತ್ತ ಕಣ್ಣಾಡಿಸಿದೆ. ಹುಣಸೆಮರದ ಕೆಳಗೆ ಇದ್ದಳು. ಬೇಲಿಯ ಮೇಲೆ ಒಣಗಲು ಹಾಕಿದ್ದ ತನ್ನ ಹಸಿರು ಲಂಗ ಎಳೆದುಕೊಂಡು ತಾನೂ ಆಟಕ್ಕೆ ಸೇರಿದವಳ ಹಾಗೆ ಬೀಸುತ್ತಿದ್ದಳು. ಒಗೆದ ಲಂಗ ಮಣ್ಣಾಗುತ್ತದೆಂದು ಬೈಯಬೇಕೆಂದು ಬಾಯಿ ತೆರೆದೆ. ಆಗಲೇ ಊದಿ ಹಿಡಿದಿದ್ದ ಏಳನೇ ಚೀಲ ಸಿಟ್ಟಿನಲ್ಲಿ ಕೈಯಲ್ಲೇ ಹಿಸುಕಿಹೋಗಿ ಢಂ ಅಂತ ಒಡೆಯಿತು.

ಬಲಗೈ ಮೇಲೆ ಹೋಯಿತು. ಆದರೆ ಅರ್ಧದಲ್ಲೇ ಇಳಿಯಿತು. ಉಪೇಂದ್ರ “ಕೂ” ಅಂತ ಸಣ್ಣದಾಗಿ ಒಂದು ಸಿಳ್ಳೆ ಹಾಕಿದರು.

ಆಮೇಲೆ ಆದದ್ದನ್ನು ಬರೆಯಲು ನನ್ನ ಪೆನ್ನಿಗೆ ಆ ವೇಗವಿಲ್ಲ. “ಮಾಮ ಬಂದ್ರು” ಅಂತ ಸುಬ್ಬಿ ಹೇಳಿ ಮುಗಿಸುವುದರೊಳಗೆ ಮಾಮ ಹೋಗಿಯಾಗಿತ್ತು. ಹುಣಸೆಮರ ದಾಟಿದರು, ಬೇಲಿಯ ಸಂದು ದಾಟಿದರು, ಹಳಿಯ ಪಕ್ಕದ ಕಾಲುದಾರಿ ಹಿಡಿದರು.

ನಾನು: ಉಪೇಂದ್ರ ಅವ್ರೇ! ಸಾಕು! ನೂರು ಗಜ ಆಯ್ತು!

ಪುಟ್ಟಲಕ್ಷ್ಮಿ: ರೀ! ನಿಲ್ರೀ! ಅಯ್ಯೋ, ಈ ಮನುಷ್ಯನಿಗೆ ಹೊರಡೋದೂ ಗೊತ್ತಿಲ್ಲ, ನಿಲ್ಲೋದೂ ಗೊತ್ತಿಲ್ಲ!

ಕೈಯಲ್ಲಿ ಹಿಂಡುತ್ತಿದ್ದ ಸೀರೆಯ ಸಮೇತ ಅವಳು ಅಡ್ಡದಾರಿ ಹಿಡಿದು ಓಡಿದಳು. ಕಾಲು ಗಂಟೆಯ ಮೇಲೆ ಮೂವರು ಬಂದರು. ಮುಂದೆ ಉಪೇಂದ್ರ, ಅವರ ಹಿಂದೆ ಏದುಸಿರು ಬಿಡುತ್ತ ಪುಟ್ಟಲಕ್ಷ್ಮಿ, ಕೊನೆಗೆ ರೈಲ್ವೆ ಗೇಟು ಕಾಯುವ ದಸ್ತಗೀರ್ ಸಾಹೇಬರು.

ದಸ್ತಗೀರ್: ಏನಮ್ಮಾ ಇದು? ಡ್ರೈವರ್ ಸಾಹೇಬ್ರು ಬರೋ ಸ್ಪೀಡ್ ನೋಡ್ಬಿಟ್ಟು ನಾನು ಗೇಟ್ ಹಾಕ್ಬಿಟ್ಟೆ. ಎರಡು ಎತ್ತಿನ ಗಾಡಿ, ಒಂದು ಬಸ್ಸು, ಎಲ್ಲಾ ನಿಂತೋಯ್ತು. ಬಸ್ಸಿನವ್ನು ಕೇಳ್ತಾನೆ, ಯಾವ ಗಾಡಿ ಬರ್ತಿದೆ ಅಂತ. ಏನ್ ಹೇಳ್ಲಿ ನಾನು?

ನಾನು: ಏನ್ ಹೇಳಿದ್ರಿ?

ದಸ್ತಗೀರ್: ಸ್ಪೆಷಲ್ ಅಂದೆ.

ನಾನು: ಮತ್ತೆ ನಿಂತಿದ್ದು ಹೇಗೆ?

ದಸ್ತಗೀರ್: ಅವ್ರ ಮನೆಯವ್ರು ಎದುರಿಗೆ ಬಂದು ಆ ಒದ್ದೆ ಸೀರೆ ಹಿಂಗೆ ಎತ್ತಿ ಹಿಡಿದ್ರು ನೋಡಿ. ಗಕ್ಕನೆ ನಿಂತ್ರು. ಒಂದು ಇಂಚು ಆಚೆ ಇಲ್ಲ, ಈಚೆ ಇಲ್ಲ.

ಪುಟ್ಟಲಕ್ಷ್ಮಿ ಸೀರೆ ಕೊಡವಿದಳು. ಅಪ್ಪಟ ಕೆಂಪು ಸೀರೆ. ಸೇತುರಾಮ ಮೊದಲ ಸಂಬಳದಲ್ಲಿ ಅಕ್ಕನಿಗೆ ತಂದುಕೊಟ್ಟದ್ದು. ಸ್ಪೋರ್ಟ್ಸ್ ಅಂದರೆ ಅವಳು ಉಡುವುದು ಅದನ್ನೇ.

ಪುಟ್ಟಲಕ್ಷ್ಮಿ: ಭಾನುವಾರಕ್ಕೆ ಅಂತ ಒಗೆದಿಟ್ಟಿದ್ದೆ ಕಣೇ ವೇಣಿ. ಎಲ್ಲಾ ಧೂಳು. ಇನ್ನೊಂದ್ಸಲ ಒಗೀಬೇಕು. ಇದನ್ನ ಉಟ್ಕೊಂಡು ಗೆರೆ ಹತ್ತಿರ ನಿಲ್ಲದಿದ್ರೆ ನನಗೆ ಸಮಾಧಾನಾನೇ ಇಲ್ಲ.

ನಾನು ಉಪೇಂದ್ರ ಅವರನ್ನು ನೋಡಿದೆ. ಉಪೇಂದ್ರ ಸೀರೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, ಹೇಳಬೇಡಿ ಅನ್ನುವ ಹಾಗೆ ಕಣ್ಣಲ್ಲೇ ಬೇಡಿಕೊಂಡರು. ಹೋದ ವರ್ಷ ಗೆರೆಗೆ ಹತ್ತು ಗಜ ಇರುವಾಗ ಕಾಲು ಏಕೆ ನಿಧಾನವಾಯಿತೆಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ದೀಪ ಹಚ್ಚುವ ಹೊತ್ತಿಗೆ ಅವರು ನಮ್ಮ ಬಾಗಿಲಿಗೆ ಬಂದರು. ಸುಬ್ಬಿಗೆ ಎರಡು ಪೆಪ್ಪರಮಿಂಟು ಕೊಟ್ಟು, ಹೊಸಿಲಿನ ಆಚೆಯೇ ನಿಂತು ಕೆಮ್ಮಿದರು.

ಉಪೇಂದ್ರ: ವೇಣಮ್ಮನವ್ರೇ, ಒಂದು ಉಪಕಾರ ಆಗ್ಬೇಕಿತ್ತು. ನಿಮ್ಮ ಹತ್ರ ಗಿಳಿಹಸಿರು ಸೀರೆ ಒಂದಿದೆಯಂತಲ್ಲ.

ನಾನು: ಇದೆ. ನಮ್ಮಮ್ಮ ಸೀಮಂತಕ್ಕೆ ಕೊಟ್ಟಿದ್ದು. ಲಕ್ಷ್ಮಿಗೆ ತಾನೆ? ಉಡಿಸೋಣ ಬಿಡಿ. ಆದ್ರೆ ನೀವೇ ಅವಳಿಗೆ ಹೇಳ್ಬಾರ್ದಾ?

ಉಪೇಂದ್ರ: ಏನಂತ ಹೇಳ್ಲಿ? ನಿನ್ನ ತಮ್ಮ ಪ್ರೀತಿಯಿಂದ ಕೊಟ್ಟ ಸೀರೆ ನೋಡಿ ನಾನು ಬ್ರೇಕ್ ಹಾಕ್ತೀನಿ ಅಂತಲಾ? ಗೆದ್ರೂ ನನಗೆ ಅವತ್ತು ಊಟ ಇಲ್ಲ. ಅವಳು ಹಸಿರುಟ್ಟು ಗೆರೆ ಹತ್ರ ನಿಂತಿದ್ರೆ ಸಾಕು. ಪಿಸ್ತೂಲಲ್ಲ, ಫಿರಂಗಿ ಹೊಡೆದ್ರೂ ಹೊರಡ್ತೀನಿ.

ನಾನು: ಅವಳು ಒಪ್ಪಬೇಕಲ್ಲ.

ಉಪೇಂದ್ರ: ನೀವು ಅವಳ ಕೆಂಪು ಸೀರೆ ಮೇಲೆ ಆಸೆಪಟ್ಟ ಹಾಗೆ ಮಾಡಿ. ಒಂದು ದಿನದ ಮಟ್ಟಿಗೆ ಬದಲಾಯಿಸ್ಕೊಳ್ಳೋಣ ಅನ್ನಿ. ನೀವು ಕೇಳಿದ್ರೆ ಇಲ್ಲ ಅನ್ನಲ್ಲ.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೆಂಪಿಗೆ ಹೊಂದುವ ರವಿಕೆ ನನ್ನ ಹತ್ತಿರ ಇಲ್ಲ. ಅದನ್ನೂ ಅವಳಿಂದಲೇ ಇಸಕೊಳ್ಳಬೇಕು.

ನಾನು: ಆಯ್ತು, ಕೇಳ್ತೀನಿ. ಕೆಂಪು ಸೀರೆ ಉಟ್ಕೊಂಡು ನಾನು ಮೈದಾನದ ಕಡೆಗೇ ಬರಲ್ಲ. ಮನೇಲೇ ಇರ್ತೀನಿ, ಯೋಚನೆ ಮಾಡ್ಬೇಡಿ.

ಉಪೇಂದ್ರ: ಅಯ್ಯಯ್ಯೋ, ಹಾಗೆ ಮಾತ್ರ ಮಾಡ್ಬೇಡಿ! ಉಪಕಾರ ಅಂದಿದ್ದೇ ಅದು. ಗೆರೆ ದಾಟಿ ಒಂದೈವತ್ತು ಗಜ ಆಚೆ, ದಾರಿ ಮಧ್ಯಕ್ಕೇ ಬಂದು ನಿಂತ್ಕೊಳ್ಳಿ. ಇಲ್ದಿದ್ರೆ ಕಪ್ ಕೊಡೋ ಹೊತ್ತಿಗೆ ನಾನು ಸೋಲದೇವನಹಳ್ಳಿ ದಾಟಿರ್ತೀನಿ.